ಹತ್ತನೇ ನಿಮಿಷ ಬಾಕಿ

ಬೆಳಗಿನ ಐದು ಗಂಟೆ, ಮಂಡೆಕೋಲಿನ ರಬ್ಬರ್ ತೋಟ. ಹೀರೋಯಿನ್ ಎಂಟ್ರಿಗೆ ಸ್ಲೋಮೋಷನ್ ಇಲ್ಲ. ಹಣೆಗೆ ಹೆಡ್‌ಲೈಟ್, ಕೈಯಲ್ಲಿ ತೊಗಟೆ ಕೊಯ್ಯುವ ಟ್ಯಾಪಿಂಗ್ ಕತ್ತಿ. ನಲವತ್ತಾರರ ದೇವಮ್ಮ ಮರದಿಂದ ರಬ್ಬರ್ ಹಾಲು ಹಿಡಿಯುವ ಗೆರಟೆ ತೆಗೆದು, ಅದನ್ನು ಕೂರಿಸುವ ತಂತಿಗೆ ಫೋನು ಸಿಕ್ಕಿಸುತ್ತಾರೆ. ಟ್ರೈಪಾಡ್ ರೆಡಿ!

"ಆಕ್ಷನ್ ಹೇಳುದಿಲ್ವಾ ಅಕ್ಕ?" ವರದಿಗೆಂದು ಹೋದ ನಾನು ಕೇಳಿದೆ.

"ಯಾರಿಗೆ ಹೇಳುದು ಮಾರಾಯ, ಮರಕ್ಕಾ?"

ದಿನಕ್ಕೆ ಮುನ್ನೂರ ಹತ್ತು ಮರ. ಹಾಲು ಒಟ್ಟುಮಾಡಿ ಶೀಟು ಒತ್ತಿ ಮುಗಿಯುವಾಗ ಮಧ್ಯಾಹ್ನ ಹನ್ನೆರಡು. ಜೊತೆಗೆ ಹತ್ತು ಹೆಂಗಸರು. ಎಲ್ಲರೂ ಬಾಟ್ಲಿ ತುಂಬ ನೀರು ತರುತ್ತಾರೆ. ಒಬ್ಬರೂ ಕುಡಿಯುವುದಿಲ್ಲ. ಏಳು ಗಂಟೆ, ಒಂದು ಗುಟುಕೂ ಇಲ್ಲ! ಯಾಕೆಂದರೆ ತೋಟದಲ್ಲಿ ಶೌಚಾಲಯವಿಲ್ಲ, ಸುತ್ತ ಗಂಡಸರು. ಕಳೆದ ವರ್ಷ ದೇವಮ್ಮನಿಗೆ ಮೂರು ಸಲ ಉರಿಮೂತ್ರ. "ನೀರು ಜಾಸ್ತಿ ಕುಡೀರಿ ಅಂದ್ರು ಡಾಕ್ಟ್ರು. ನಗು ಬಂತು ನಂಗೆ." ಕೇಳಿದ ನನಗೆ ಮಾತ್ರ ನಗು ಬರಲಿಲ್ಲ.

ಇದನ್ನೇ ದೇವಮ್ಮ ಫೋನಿನಲ್ಲಿ ಹಿಡಿದರು: ನಾಲ್ಕು ತಿಂಗಳು ಶೂಟಿಂಗ್, ಒಂಬತ್ತು ನಿಮಿಷದ ಡಾಕ್ಯುಮೆಂಟರಿ. ಎಡಿಟಿಂಗ್ ಸುಳ್ಯದ ಸ್ಟುಡಿಯೋದ ಮುಫೀದಾರದ್ದು. ಬೆಳೆಗಾರರ ಸಭೆಗೆ ಪ್ರೊಜೆಕ್ಟರ್ ಹಾಕುವುದೂ ಅವರೇ. "ಟ್ಯಾಪಿಂಗಿನ ವಿಡಿಯೋ ಒಂದು ಉಂಟು" ಎಂದರಂತೆ. ಸುಳ್ಳೇನಲ್ಲ!

ಸಭೆಯವರು ತರಬೇತಿ ವಿಡಿಯೋ ಎಂದೇ ನಂಬಿದರು. "ಕತ್ತಿ ಆಳಕ್ಕೆ ಹೋಯ್ತು ಮಾರಾಯ್ರೆ, ಮರ ಹಾಳು!" ಎಂದು ಒಬ್ಬರು ಕೂಗಿದರು. ತೆರೆಯ ಮೇಲೆ ಐದು ಗಂಟೆ: ಬಾಟ್ಲಿ ತುಂಬಿತ್ತು. ಒಂಬತ್ತು ಗಂಟೆ: ತುಂಬಿಯೇ ಇತ್ತು. ಹನ್ನೆರಡು ಗಂಟೆ: ಹನ್ನೊಂದು ಬಾಟ್ಲಿ ಸಾಲಾಗಿ, ತುಂಬಿ. ಯಾಕೆಂದು ಪರದೆಯ ಮೇಲೆ ದೇವಮ್ಮನೇ ಹೇಳಿದರು.

ಆ ತೋಟದ ಧನಿ ದೇರಣ್ಣ ಎದ್ದು ನಿಂತರು. "ಇಷ್ಟು ವರ್ಷ ಹೇಳ್ಬಾರ್ದಿತ್ತಾ ದೇವಮ್ಮ?"

ಹಿಂದಿನ ಸಾಲಿನಿಂದ ದೇವಮ್ಮ ಎಂದರು, "ಹೇಳಿದ್ದೆ ಧನಿಗಳೇ. 'ಇಡೀ ಗುಡ್ಡೆಯೇ ಉಂಟಲ್ಲ' ಅಂತ ನಕ್ಕಿದ್ರಿ."

ಕೆಲಸ ಹೋಗುತ್ತದೆಂದುಕೊಂಡೇ ದೇವಮ್ಮ ಮನೆಗೆ ನಡೆದದ್ದು. ಆದರೆ ಮರುವಾರ ತೋಟಕ್ಕೆ ಕಲ್ಲು ಬಂತು. ಈಗ ಶೌಚಾಲಯದ ಗೋಡೆ ಎದ್ದಿದೆ, ಮೇಲೆ ಹೆಂಚಿನ ಮಾಡೂ ಆಗಿದೆ. ಬಾಗಿಲು ಮಾತ್ರ ಬಂದಿಲ್ಲ.

ಹನ್ನೆರಡಾಯಿತು. ದೇವಮ್ಮ ಬಾಟ್ಲಿಯನ್ನು ಚೀಲಕ್ಕೆ ಹಾಕುತ್ತಾರೆ. ಇವತ್ತೂ ತುಂಬಿದೆ.

"ಸಿನಿಮಾ ಮುಗೀತಲ್ಲ ಅಕ್ಕ, ಇನ್ನೂ ಎಂತ ಶೂಟಿಂಗ್?"

"ಎಲ್ಲಿ ಮುಗಿದದ್ದು? ಹತ್ತನೇ ನಿಮಿಷ ಬಾಕಿ ಉಂಟು. ಬಾಗಿಲು ಬಂದ ದಿನ ಖಾಲಿ ಬಾಟ್ಲಿಯ ಒಂದು ಶಾಟ್ ತೆಗೀಬೇಕು."