ಕೇಳಿದ್ದು ಇಂಡಿಯಾ, ಹೋಗಿದ್ದು ಲೈಬೀರಿಯಾ

ಮೊದಲು ಚಳಿ ಬಂತು. ಮಿಶಿಗನ್ನಿನ ಜನವರಿಯಲ್ಲಿ ಚಳಿಯಲ್ಲದೆ ಇನ್ನೇನು ಬರುತ್ತದೆ ಎಂದುಕೊಂಡೆ. ಎರಡು ರಜಾಯಿ ಹೊದಿಸಿದರೂ ನನ್ನ ಗಂಡನ ಹಲ್ಲು ಕಟಕಟ ಎನ್ನುವುದು ನಿಲ್ಲಲಿಲ್ಲ. ಆಮೇಲೆ ಜ್ವರ, ನೂರಾಮೂರು.

ಅವರು ಲೈಬೀರಿಯಾದಿಂದ ಮರಳಿ ಎರಡು ವಾರವಾಗಿತ್ತು. ಡಿಯರ್‌ಬಾರ್ನ್ ಹತ್ತಿರದ ಕಂಪನಿಯೊಂದರಲ್ಲಿ ಇಂಜಿನಿಯರ್. ಲೈಬೀರಿಯಾದ ಮಳೆಕಾಡಿನೊಳಗಿನ ಕಬ್ಬಿಣದ ಗಣಿಯಲ್ಲಿ ಅದಿರು ಸಾಗಿಸುವ ಬೆಲ್ಟ್ ಕೂರಿಸಲು ಹೋಗಿದ್ದರು. ಬಂದವರಿಗೆ ಬೇರೆ ಮಾತೇ ಇರಲಿಲ್ಲ. ಅದಿರಿನ ರೈಲಿನಲ್ಲೇ ಕೂತು ಕಾಡು ದಾಟಿದ್ದು, ಬಿಸಿಲು ನೆಲಕ್ಕಿಳಿಯದಷ್ಟು ದಟ್ಟ ಮರಗಳು, ಗಣಿಯವರು ಇವರಿಗೆಂದೇ ಮೀನು ಹಾಕದೆ ಮಾಡಿಕೊಟ್ಟ ಮರಗೆಣಸಿನ ಸೊಪ್ಪಿನ ಸಾರು. "ಮಣ್ಣು ಥೇಟ್ ನಮ್ಮ ಸಂಡೂರಿಂದೇ ಕಣೇ!"

ಮಲೇರಿಯಾ ಮಾತ್ರೆಯನ್ನು ವಾಪಸು ಬಂದ ಮೇಲೂ ಕೆಲವು ವಾರ ನುಂಗಬೇಕಿತ್ತು. ಜೊತೆಗೆ ಹೋಗಿದ್ದ ಅಮೆರಿಕನ್ನರು ನುಂಗಿದರು. ನಮ್ಮವರು ನಿಲ್ಲಿಸಿಬಿಟ್ಟರು.

"ಮಂಡ್ಯದ ಸೊಳ್ಳೆ ಕೈಲಿ ಕಚ್ಚಿಸ್ಕೊಂಡು ಬೆಳೆದಿರೋ ಮೈ ಇದು. ಈ ಹಿಮದಲ್ಲಿ ಇನ್ಯಾವ ಸೊಳ್ಳೆ ಬರುತ್ತೆ, ಬಿಡೇ."

ಆಸ್ಪತ್ರೆಯ ಡಾಕ್ಟರು ನಮ್ಮಿಬ್ಬರ ಮುಖ ನೋಡಿ ಕೇಳಿದ್ದು ಒಂದೇ: ಇತ್ತೀಚೆಗೆ ಇಂಡಿಯಾಗೆ ಹೋಗಿದ್ದಿರಾ? ಇಲ್ಲ, ವರ್ಷಗಳೇ ಆದವು ಎಂದರು ಇವರು. ಸುಳ್ಳೇನಲ್ಲ. ಕೇಳಿದಷ್ಟಕ್ಕೆ ಉತ್ತರ ಕೊಡುವ ಜನ ನಾವು. ಡಾಕ್ಟರ ಮುಂದೆ ಹೆಚ್ಚು ಮಾತಾಡಿದರೆ ಅಧಿಕಪ್ರಸಂಗವಲ್ಲವೇ! ಫ್ಲೂ ಎಂದು ಮನೆಗೆ ಕಳಿಸಿದರು.

ಎರಡು ದಿನದ ಮೇಲೆ ಇವರು ನನ್ನನ್ನು ಗುರುತಿಸಲಿಲ್ಲ.

ಆಗ ನಾನು ಏಳು ತಿಂಗಳ ಬಸುರಿ. ಆಂಬುಲೆನ್ಸಿಗೆ ಫೋನ್ ಮಾಡಿದೆ. ಪಕ್ಕದ ಬಡಾವಣೆಯಲ್ಲಿದ್ದ ಧಾರವಾಡದ ಡಾಕ್ಟರ್ ಶಾಂತಕ್ಕನಿಗೂ ಮಾಡಿದೆ. ಅವರು ನೇರ ಆಸ್ಪತ್ರೆಗೆ ಬಂದರು.

"ಆಫ್ರಿಕಾಕ್ಕ ಹೋಗಿ ಬಂದಾರಂತ ಇಲ್ಲಿ ಡಾಕ್ಟರಿಗೆ ಹೇಳೀಯೇನವಾ?"

"ಯಾರೂ ಕೇಳ್ಲಿಲ್ಲ ಅಕ್ಕಾ."

"ಅಯ್ಯ ಶಿವನ!" ಎಂದು ಹಣೆ ಚಚ್ಚಿಕೊಂಡು ಒಳಗೆ ಓಡಿದರು.

ಬ್ಲಡ್ ಟೆಸ್ಟಿನಲ್ಲಿ ಗೊತ್ತಾಯಿತು. ಮಲೇರಿಯಾ ಮೆದುಳಿಗೆ ಏರಿತ್ತು. ಅದಕ್ಕೆ ಕೊಡುವ ಕ್ವಿನೈನ್ ಇಂಜೆಕ್ಷನ್ ಅಲ್ಲಿರಲಿಲ್ಲ, ವಿಮಾನದಲ್ಲಿ ತರಿಸಬೇಕಾಯಿತು. ಅದು ಬರುವವರೆಗೆ ಐಸಿಯು ಹೊರಗೆ ಹೊಟ್ಟೆ ಹಿಡಿದುಕೊಂಡು ಕೂತಿದ್ದೆ. ಮೈಸೂರಿನ ತವರಿಗೆ ಟ್ರಂಕ್ ಕಾಲ್ ಬುಕ್ ಮಾಡಲು ಧೈರ್ಯ ಬರಲಿಲ್ಲ. ಮಗುವಿನ ಮುಖವನ್ನೂ ನೋಡದೆ ಹೊರಟುಬಿಡ್ತೀರೇನ್ರೀ ಎಂದು ಗೋಡೆಯಾಚೆಗಿದ್ದವರನ್ನು ಬೈದೆ, ಅತ್ತೆ, ಮತ್ತೆ ಬೈದೆ.

ವಾರ ಕಳೆದು ಕಣ್ಣು ಬಿಟ್ಟರು. "ರೀ" ಅಂದೆ. ಗಟ್ಟಿಯಾಗಿ ಕೂಗಿದೆ. ನನ್ನ ಬಾಯನ್ನೇ ನೋಡುತ್ತಿದ್ದರು.

ಕಿವಿ ಹೋಗಿತ್ತು.

ಕ್ವಿನೈನಿನಿಂದ ಹೀಗಾಗುವುದುಂಟು, ಹೆಚ್ಚಿನವರಿಗೆ ಮರಳಿ ಬರುತ್ತದೆ ಎಂದರು ಡಾಕ್ಟರು. ಕಾಯುತ್ತಿದ್ದೇವೆ. ಇನ್ನೂ ಬಂದಿಲ್ಲ. ಜೀವ ಉಳಿಸಿದ ಮದ್ದೇ ಕಿವಿ ಕಿತ್ತುಕೊಂಡರೆ ಯಾರ ಮೇಲೆ ಸಿಟ್ಟಾಗುವುದು? ಆದರೂ ಸಿಟ್ಟು ಬರುತ್ತದೆ. ಒಂದು ಲೋಟ ಕಾಫಿ ಕೊಡಬೇಕಾದರೂ ಭುಜ ಮುಟ್ಟಿ ಕರೆಯಬೇಕು. ಭುಜ ಬೆಚ್ಚಗಿರುತ್ತದೆ, ಅಷ್ಟು ಸಾಕು ಎಂದು ದಿನಾ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಕಳೆದ ತಿಂಗಳು ಮಗ ಹುಟ್ಟಿದ. ಮನೆಗೆ ಬಂದ ದಿನ ಅವನನ್ನು ಇವರ ತೋಳಿಗೆ ಹಾಕಿದೆ. ಮುಖ ಕೆಂಪಗೆ ಮಾಡಿಕೊಂಡು, ಮನೆ ಹಾರಿಹೋಗುವಂತೆ ಅಳುತ್ತಿದ್ದ. ಇವರು ಆ ಪುಟ್ಟ ಬಾಯನ್ನೇ ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ದನಿ ಹೇಗಿದೆಯೇ?"

"ನಿಮ್ಮದೇ ರೀ" ಅಂದೆ, ಬಾಯಿ ಅಗಲಿಸಿ, ನಿಧಾನವಾಗಿ, ಅವರಿಗೆ ಕಾಣುವ ಹಾಗೆ.