ಅಡ್ಡಿ ಅಕ್ಕ

ತಂತ್ರಾಂಶ ಕಂಪನಿಯಲ್ಲಿ ಆಕೆಯ ಹುದ್ದೆಗೆ ಸ್ಕ್ರಮ್ ಮಾಸ್ಟರ್ ಎಂದು ಹೆಸರು. ಮಾಸ್ಟರ್ ಅಂದಾಕ್ಷಣ ಬೆತ್ತ ಹಿಡಿದವಳಲ್ಲ ಮತ್ತೆ! ದಿನಾ ಬೆಳಿಗ್ಗೆ ಹತ್ತಕ್ಕೆ ಆರು ಜನರ ತಂಡವನ್ನು ಗೋಡೆಯ ಹಲಗೆಯ ಮುಂದೆ ನಿಲ್ಲಿಸಿಕೊಂಡು, ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡುತ್ತೀರಿ, ಅಡ್ಡಿ ಏನಾದರೂ ಇದೆಯೇ ಎಂದು ಕೇಳುವುದು. ಇದ್ದರೆ ಓಡಾಡಿ ಅದನ್ನು ತೆಗೆಸುವುದು. ಹಾಗಾಗಿ ತಂಡದವರ ಬಾಯಲ್ಲಿ ಆಕೆ ‘ಅಡ್ಡಿ ಅಕ್ಕ’.

ಈಗ ತಿಂಗಳಿಂದ ಅಡ್ಡಿಗಳೇ ಇಲ್ಲ. ಎಲ್ಲರದೂ ಒಂದೇ ರಾಗ: “ಏನಿಲ್ಲಕ್ಕ, ಎಲ್ಲಾ ಸರಿಯಾಗಿದೆ.” ಒಂದೊಂದು ಕೆಲಸಕ್ಕೆ ಒಂದೊಂದರಂತೆ ಹಲಗೆಗೆ ಅಂಟಿಸಿದ್ದ ಹಳದಿ ಚೀಟಿಗಳೆಲ್ಲ ‘ಮುಗಿಯುತ್ತಾ ಬಂತು’ ಎಂಬ ಕಾಲಂನಲ್ಲಿ ಗುಂಪುಗೂಡಿದ್ದವು; ಪಕ್ಕದ ‘ಮುಗಿಯಿತು’ ಕಾಲಂಗೆ ಒಂದೂ ಹೋಗುತ್ತಿರಲಿಲ್ಲ. ಶುಕ್ರವಾರ ಒಂದು ಆಸ್ಪತ್ರೆಗೆ ತಂತ್ರಾಂಶ ಒಪ್ಪಿಸಬೇಕು. ತಪ್ಪಿದರೆ ಆಕೆಯ ಕೆಲಸ ಹೋದಂತೆಯೇ ಎಂದು ಮ್ಯಾನೇಜರ್ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದರು.

“ಎಲ್ಲಾ ಸರಿಯಾಗಿದೆ ಅಂತಾರಲ್ಲ, ಮತ್ಯಾಕೆ ಊಟ ಬಿಟ್ಟಿದ್ದೀಯ?” ಎಂದ ಗಂಡ.

“ಸರಿಯಾಗಿದೆ ಅಂತಾರಲ್ಲ, ಅದಕ್ಕೇ ರೀ!”

ಕಾರಣ ಆಕೆಗೆ ಗೊತ್ತಿತ್ತು. ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ, ಅಷ್ಟೆ. ಹೋದ ತಿಂಗಳು ತಂಡದ ಹಿರಿಯ ಪ್ರೋಗ್ರಾಮರ್, ಎಲ್ಲರೂ ಮೇಷ್ಟ್ರು ಎನ್ನುವವರು, ಹಲಗೆಯ ಮುಂದೆ ನಿಂತು “ಈ ಕೆಲಸ ನನ್ನ ತಲೆಗೆ ಹತ್ತುತ್ತಿಲ್ಲ” ಎಂದಿದ್ದರು. ಸಹಾಯ ಸಿಗಲೆಂದು ಈಕೆ ಅದನ್ನು ಮ್ಯಾನೇಜರ್ ಕಿವಿಗೆ ಹಾಕಿದಳು. ಸಹಾಯ ಎಲ್ಲಿ ಬಂತು? ಮೇಷ್ಟ್ರಿಗೆ ಎಲ್ಲರೆದುರು ಮಂಗಳಾರತಿಯಾಯಿತು. ಅಂದಿನಿಂದ ತಂಡದವರ ಬಾಯಿಗೆ ಬೀಗ.

ಬುಧವಾರ ಬೆಳಿಗ್ಗೆ ಆಕೆ ಯಾರನ್ನೂ ಏನೂ ಕೇಳಲಿಲ್ಲ. “ಇವತ್ತು ನನ್ನ ಅಡ್ಡಿ ಹೇಳ್ತೀನಿ. ಇಲ್ಲಿ ಆಡಿದ ಮಾತನ್ನ ಮೇಲಿನವರ ಹತ್ರ ತಗೊಂಡು ಹೋದೆ. ತಪ್ಪಾಯ್ತು ಮೇಷ್ಟ್ರೇ. ಈಗ ನೀವೆಲ್ಲ ‘ಸರಿಯಾಗಿದೆ’ ಅಂದ್ರೆ ನನಗೆ ಎದೆ ಡವಡವ ಅನ್ನುತ್ತೆ.”

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಮುಂದೆ ಬಂದರು. ತಮ್ಮ ಚೀಟಿ ಕಿತ್ತು, ‘ಶುರುವಾಗಿಲ್ಲ’ ಕಾಲಂನಲ್ಲಿ ಅಂಟಿಸಿದರು.

“ಇದು ನಿಜ ಕಣಮ್ಮ.”

ಅವರ ಹಿಂದೆಯೇ ಟೆಸ್ಟಿಂಗ್ ಮಾಡುವಾಕೆ ಬಂದಳು. ಆಮೇಲೆ ಇನ್ನೊಬ್ಬ. ನೋಡನೋಡುತ್ತಿದ್ದಂತೆ ಏಳು ಚೀಟಿಗಳು ಹಿಂದಕ್ಕೆ ಹೋದವು. ಅಯ್ಯೋ, ಶುಕ್ರವಾರದ ಕಥೆ ಮುಗಿದೇ ಹೋಯಿತು! ಎಲ್ಲರನ್ನೂ ಕೂರಿಸಿಕೊಂಡು ಕೇಳಿದರೆ ಇನ್ನೂ ಮೂರು ವಾರದ ಕೆಲಸ. ಆದರೂ ಮೆಟ್ಟಿಲು ಹತ್ತಿ ಮ್ಯಾನೇಜರ್ ಕೋಣೆಗೆ ಹೋದಳು.

“ಶುಕ್ರವಾರ ಆಗಲ್ಲ ಸರ್. ಮೂರು ವಾರ ಬೇಕು.”

“ಯಾರಿಂದ ತಡವಾಯ್ತು? ನನಗೆ ಹೆಸರು ಬೇಕು.”

ಆಕೆ ತನ್ನ ಹೆಸರು ಹೇಳಿದಳು.