ಸವಾಲು ಕಿತ್ತೂರಿನದು, ಜವಾಬು ಕಟಕೋಳದ್ದು

ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವ ಮುಂಜಾನೆಯ ಬಸ್ಸಿನಲ್ಲಿ ಕಂಡಕ್ಟರು ನನ್ನ ಉದ್ದನೆಯ ಚೀಲವನ್ನು ಮೂರು ಸಲ ನೋಡಿದ. ನಾಲ್ಕನೆಯ ಸಲ ತಡೆಯಲಾರದೆ ಕೇಳಿಯೇಬಿಟ್ಟ.

"ಅಕ್ಕಾರ, ಇದರಾಗ ಏನೈತ್ರಿ? ಬಂದೂಕ ಇದ್ದಂಗ ಕಾಣತೈತಿ."

"ಮೈಕಿನ ಸ್ಟ್ಯಾಂಡ್ ಐತ್ರಿ."

"ಮತ್ತ ಮೈಕ್ ಎಲ್ಲೈತಿ?"

"ಇನ್ನೊಂದು ಚೀಲದಾಗೈತಿ. ತೆಗದು ತೋರ್ಸೂದಿಲ್ಲ, ಧೂಳ ಹಿಡೀತೈತಿ."

ಅವನಿಗೆ ನಂಬಿಕೆ ಬರಲಿಲ್ಲ. ನನಗೆ ಶೂನ್ಯ ಟಿಕೆಟ್ ಹರಿದುಕೊಟ್ಟು, ಸ್ಟ್ಯಾಂಡಿಗೆ ಮಾತ್ರ ಲಗೇಜ್ ಹಾಕಿದ. ಹೆಂಗಸು ಪುಕ್ಕಟೆ, ಕಬ್ಬಿಣಕ್ಕೆ ಚಾರ್ಜು! ಜಗಳ ಕಾಯಬಹುದಿತ್ತು. ಆದರೆ ಅಷ್ಟರಲ್ಲಿ ಅವನ ಕಣ್ಣು ನನ್ನ ಕೈಚೀಲದ ಮೇಲೆ ಬಿದ್ದಿತ್ತು, ಅದರಲ್ಲಿ ರೆಕಾರ್ಡರ್ ಇತ್ತು. ಸುಮ್ಮನೆ ಚಿಲ್ಲರೆ ಕೊಟ್ಟು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡೆ.

ನಾನು ಸಂಶಯದ ಹೆಂಗಸು, ಮುಚ್ಚಿಡುವುದೇನಿದೆ. ಅಪ್ಪನ ಮೈಕ್‌ಸೆಟ್ ಅಂಗಡಿಯಲ್ಲಿ ಹದಿನೈದು ವರ್ಷ ಮದುವೆ, ಮುಂಜಿವೆ, ಭಜನೆಗಳಿಗೆಲ್ಲ ವೈರು ಎಳೆದವಳು. ಹೋದ ವರ್ಷ ನಮ್ಮ ಓಣಿಯ ಮುದುಕಿಯರು ಹಾಡಿದ ಬೀಸುವ ಪದಗಳನ್ನು ಬಹಳ ಪ್ರೀತಿಯಿಂದ ರೆಕಾರ್ಡ್ ಮಾಡಿದ್ದೆ. ಕೇಳಲೆಂದು ಒಬ್ಬರಿಗೆ ಕಳಿಸಿದೆ. ವಾರದೊಳಗೆ ಅದು ಯಾರದೋ ಹೆಸರಿನಲ್ಲಿ, ಯಾರದೋ ಚಾನೆಲ್ಲಿನಲ್ಲಿ, ಕೊಳಲು-ಗಿಳಲು ಸೇರಿಸಿಕೊಂಡು ಊರೆಲ್ಲ ತಿರುಗುತ್ತಿತ್ತು. ಹೊಟ್ಟೆ ಉರಿದುಹೋಯಿತು. ಆವತ್ತೇ ತೀರ್ಮಾನ ಮಾಡಿದೆ: ಇನ್ನು ಮೇಲೆ ನನ್ನ ರೆಕಾರ್ಡು ನಾನೇ ತಯಾರಿಸುತ್ತೇನೆ, ನನ್ನ ಹೆಸರಿನಲ್ಲೇ ಹೊರಗೆ ತರುತ್ತೇನೆ, ಯಾರನ್ನೂ ನಂಬುವುದಿಲ್ಲ. ಈ ಪ್ರವಾಸ ಆ ಮೊದಲ ರೆಕಾರ್ಡಿಗಾಗಿ ಹೊರಟದ್ದು.

ಆರಿಸಿಕೊಂಡದ್ದು ಗೀಗೀ ಪದ. ಗೀಗೀ ಮೇಳದವರಲ್ಲಿ ಎರಡು ಪಂಗಡ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡುತ್ತಾರೆ. ಒಬ್ಬರು ಹಾಡಿನಲ್ಲೇ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಹರದೇಶಿಯವರಾದ ಕಿತ್ತೂರಿನ ಮಾಬುಸಾಬರ ಹತ್ತಿರ ಒಂದು ಹಳೆಯ ಸವಾಲು ಇದೆ, ಅದಕ್ಕೆ ಸರಿಯಾದ ಜವಾಬು ಗೊತ್ತಿರುವುದು ರಾಮದುರ್ಗ ಕಡೆಯ ಕಟಕೋಳದ ನಾಗೇಶಿ ಮೇಳದ ಶಾಂತವ್ವನಿಗೆ ಮಾತ್ರ ಎಂದು ಕೇಳಿದ್ದೆ. ಅವೆರಡೂ ಒಂದೇ ರೆಕಾರ್ಡಿನಲ್ಲಿ ಬಂದರೆ ನಾನು ಗೆದ್ದಂತೆ. ಅರ್ಧ ಸಿಕ್ಕರೆ ಏನೂ ಸಿಗದಂತೆ.

ಕಿತ್ತೂರಿನಲ್ಲಿ ಮಾಬುಸಾಬರ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಒಳಗೆ ಹೋಗುವುದು ಕಷ್ಟವಾಯಿತು. ಅವರ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, "ಸರ್ವೇಕ್ಕ ಬಂದೀರೇನ್ರಿ? ಮನ್ನೆರ ಬರಕೊಂಡ ಹೋಗ್ಯಾರಲ್ಲ" ಅಂದರು. ಹಾಡಿಗೆ ಬಂದೇನಿ ಅಂದೆ. ಅದು ಸರ್ವೆಗಿಂತ ಅನುಮಾನದ ಮಾತಾಯಿತು. ಕಡೆಗೆ ಮಾಬುಸಾಬರೇ ಹೊರಗೆ ಬಂದರು. ಅರವತ್ತು ದಾಟಿದ ತೆಳ್ಳಗಿನ ಮನುಷ್ಯ, ಮೂವತ್ತು ವರ್ಷ ಟ್ರಕ್ ಓಡಿಸಿದವರು. ಧ್ವನಿ ಮಾತ್ರ ಟ್ರಕ್ಕಿಗಿಂತ ದೊಡ್ಡದು.

ಅವರ ಒಳಕೋಣೆಯ ಗೋಡೆಗಳಿಗೆ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ತೂಗುಹಾಕಿ, ಫ್ಯಾನ್ ಬಂದ್ ಮಾಡಿ, ಅವರನ್ನು ಕೂರಿಸಿದೆ. ಡಪ್ಪು ಬಡಿಯುತ್ತ ಸವಾಲು ಹಾಡಿದರು:

"ನೆಲ ಇನ್ನs ಹುಟ್ಟಿಲ್ಲ ಮುಗಿಲ ಇನ್ನs ಹುಟ್ಟಿಲ್ಲ
ತೊಟ್ಟಿಲ ತೂಗತಾಳ ತಾಯಿ
ಎಲ್ಲಿ ನಿಂತ ತೂಗತಾಳ ಹೇಳವ್ವ, ಕಾಲಿಟ್ಟ
ನೆಲ ಯಾವದ ಹೇಳವ್ವ"

ಎಲ್ಲಕ್ಕಿಂತ ಮೊದಲು ತಾಯಿ ಇದ್ದಳು ಅನ್ನುತ್ತೀರಲ್ಲ, ನೆಲವೇ ಇಲ್ಲದಾಗ ಆಕೆ ನಿಂತದ್ದೆಲ್ಲಿ ಎಂಬುದು ತಕರಾರು. ಹೆಡ್‌ಫೋನಿನಲ್ಲಿ ಕೇಳುತ್ತ ನನ್ನ ಮೈ ಜುಮ್ಮೆಂದಿತು. ಎರಡನೆಯ ಸಲಕ್ಕೇ ಚೆನ್ನಾಗಿ ಬಂತು.

ಊಟಕ್ಕೆ ಬಿಸಿ ರೊಟ್ಟಿ, ಬದನೆಕಾಯಿ, ಹಸಿ ಉಳ್ಳಾಗಡ್ಡಿ. ತಿನ್ನುತ್ತ ಸಹಜವಾಗಿ ಕೇಳಿದೆ, "ಕಾಕಾ, ಜವಾಬ್ ಏನಂತ ನೀವೂ ಒಂದೀಟು ಹೇಳ್ರಿ. ಅಲ್ಲಿ ಆಕಿ ತಪ್ಪಿದ್ರ ನಂಗ ಗೊತ್ತಾಗಬೇಕಲ್ಲ."

ಅವರ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. "ಮೊದಲ ಆಕಿ ಹೇಳ್ಲಿ ತಂಗಿ. ಆಕಿ ಹಾಡಿದ ಕೂಡ್ಲೆ ಫೋನಿನಾಗ ನಂಗ ಕೇಳಸ್ರಿ. ಮತ್ಯಾರಿಗೂ ಕೇಳಸೂಕಿಂತ ಮೊದಲ."

"ಯಾಕ್ರಿ?"

"ತಾಳ ಕೂಡತೈತೋ ಇಲ್ಲೋ ನೋಡಬೇಕಲ್ರಿ."

ತಾಳ ಕೂಡಿಸುವುದು ನನ್ನ ಕೆಲಸ. ಈ ಮನುಷ್ಯನಿಗೇಕೆ ಇಷ್ಟು ಅವಸರ? ರೊಟ್ಟಿ ರುಚಿಯಾಗಿತ್ತು, ಮಾತು ಗಂಟಲಿಗಿಳಿಯಲಿಲ್ಲ.

ಮಧ್ಯಾಹ್ನ ಬೈಲಹೊಂಗಲಕ್ಕೆ ಮರಳಿ, ಮನೆಗೆ ಹೋಗದೆ ಸ್ಟ್ಯಾಂಡಿನಲ್ಲೇ ಬಸ್ಸು ಬದಲಿಸಿದೆ. ಮನೆಗೆ ಹೋಗಿದ್ದರೆ ಅಪ್ಪ ಎಲ್ಲವನ್ನೂ ಬಿಚ್ಚಿ ನೋಡಿ ಬುದ್ಧಿ ಹೇಳುತ್ತಿದ್ದರು. ಮುರಗೋಡದ ಮೇಲೆ ಸವದತ್ತಿಗೆ ಹೋಗುವ ಬಸ್ಸು, ನಿಂತಲ್ಲೆಲ್ಲ ಹತ್ತಿ ಬಿಡಿಸಿ ಬಂದ ಹೆಂಗಸರು ಹತ್ತಿದರು. ಮುರಗೋಡದಲ್ಲಿ ಡ್ರೈವರು ಚಹಾ ಕುಡಿಯಲು ಇಳಿದ. ನಾನು ಇಳಿಯಲಿಲ್ಲ, ಚೀಲ ಕಾಯ್ದೆ. ಸವದತ್ತಿ ತಲುಪಿದಾಗ ಬಿಸಿಲು ಇಳಿದು ಚಳಿಯ ಗಾಳಿ ಬೀಸುತ್ತಿತ್ತು. ಸ್ಟ್ಯಾಂಡಿನ ಎದುರು ಒಂದು ಲಾಜಿನಲ್ಲಿ ಉಳಿದೆ. ಬಾಗಿಲಿನ ಚಿಲಕ ಸಡಿಲಿತ್ತು. ಅದಕ್ಕೆ ಸ್ಟ್ಯಾಂಡನ್ನೇ ಅಗಳಿಯಂತೆ ಆನಿಸಿ ಮಲಗಿದೆ.

ಮರುದಿನ ಬೆಳಿಗ್ಗೆ, ಮಾಬುಸಾಬರ ಮೇಲಿನ ಅನುಮಾನ ತೀರಿಸಿಕೊಳ್ಳಲು, ದೇಮಪ್ಪ ಎಂಬವರನ್ನು ಕಾಣಲು ಹೋದೆ. ಹಿಂದೆ ಮಾಬುಸಾಬರ ಮೇಳದಲ್ಲಿ ತಾಳ ಹಾಕುತ್ತಿದ್ದವರು. ಈಗ ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಕುಂಕುಮ-ಭಂಡಾರದ ಅಂಗಡಿ ಇಟ್ಟಿದ್ದಾರೆ. ಮೈಕೈ ಎಲ್ಲ ಅರಿಷಿಣ. ಮಾಬುಸಾಬರ ಹೆಸರು ಹೇಳಿದ್ದೇ ನಕ್ಕರು.

"ಸವಾಲ್ ಹಾಡ್ಯಾನೇನು? ಭೇಷ್. ಜವಾಬ್ ಗೊತ್ತೈತೇನು ಅಂತ ಕೇಳೀರೇನು?"

"ಕೇಳೇನಿ. ಮೊದಲ ಆಕಿ ಹೇಳ್ಲಿ ಅಂದ್ರು."

"ಅಲ್ಲೇ ಐತಿ ನೋಡ್ರಿ ಹಕೀಕತ್ತು." ದೇಮಪ್ಪ ಭಂಡಾರದ ಕೈಯನ್ನು ಪಂಚೆಗೆ ಒರೆಸಿಕೊಂಡು ಮೇಳದ ಪದ್ಧತಿ ತಿಳಿಸಿದರು. ಸವಾಲು ಹಾಕುವವನಿಗೆ ಅದರ ಜವಾಬು ಗೊತ್ತಿರಲೇಬೇಕು. ಎದುರಿನವರು ಸೋತರೆ ಕೇಳಿದವನೇ ಅದನ್ನು ಹಾಡಿ ಬಿಡಿಸಬೇಕು. ಗೊತ್ತಿಲ್ಲದೆ ಕೇಳಿದರೆ ಅದು ಮೇಳಕ್ಕೇ ಕಳಂಕ. "ಆ ಸವಾಲ್ ಅವನ ಉಸ್ತಾದಂದು. ಉಸ್ತಾದ ಜವಾಬ್ ಹೇಳಿದ್ನೋ ಬಿಟ್ನೋ, ಅಲ್ಲಾಗ ಗೊತ್ತು. ಹನ್ನೆರಡ ವರ್ಷದ ಹಿಂದ ರಾಮದುರ್ಗದಾಗ ಎದುರಾಬದುರಾ ಹಾಡಿಕಿ ಇತ್ತು. ಮಾಬು ಸವಾಲ್ ಹಾಕಿದ. ಶಾಂತವ್ವ ಎದ್ದ ನಿಂತು, ಮೊದಲ ನೀ ಬಿಡಿಸ್ತೀನಿ ಅಂತ ಡಪ್ಪ ಮುಟ್ಟಿ ಆಣಿ ಮಾಡು, ಆಮ್ಯಾಲ ನಾ ಹಾಡತೇನಿ ಅಂದ್ಲು. ಇವಗ ಒಮ್ಮಿಂದೊಮ್ಮೆಲೆ ಜ್ವರ ಬಂತು. ಎದ್ದ ಬಂದ. ಅವತ್ತಿನಿಂದ ಆ ಕಡೆ ಹಾಯ್ದಿಲ್ಲ."

ಅಂದರೆ ಮಾಬುಸಾಬರು ಹಾಡಿದ್ದು ನನ್ನ ರೆಕಾರ್ಡಿಗಲ್ಲ! ಹನ್ನೆರಡು ವರ್ಷದಿಂದ ಸಿಗದ ಜವಾಬನ್ನು ನನ್ನ ಚೀಲದಲ್ಲಿ ತರಿಸಿಕೊಳ್ಳುವುದಕ್ಕೆ. ನಾನು ಪ್ರೊಡ್ಯೂಸರ್ ಎಂದುಕೊಂಡು ಹೊರಟವಳು, ಕೊರಿಯರ್ ಆಗಿದ್ದೆ. ಈ ದೇಮಪ್ಪನಾದರೂ ಖರೆ ಹೇಳುತ್ತಿದ್ದಾನೋ, ಹಳೆಯ ಸೇಡಿಗೆ ಹೇಳುತ್ತಿದ್ದಾನೋ ಎಂಬ ಸಂಶಯವೂ ಜೊತೆಗೇ ಬಂತು.

ಎರಡು ಬಸ್ಸು ಬದಲಿಸಿ, ಮಧ್ಯದಲ್ಲೊಂದು ಕಡೆ ಮುಕ್ಕಾಲು ತಾಸು ಕಾಯ್ದು, ಕಟಕೋಳದಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ಶಾಂತವ್ವ ಮನೆಯಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕುಳಿತಿದ್ದಳು. ಎಪ್ಪತ್ತರ ಹತ್ತಿರದ ದಪ್ಪ ಹೆಂಗಸು. ಪಕ್ಕದಲ್ಲಿ ಅವಳ ನಾದಿನಿ ಕಾಶವ್ವ, ಮೇಳದಲ್ಲಿ ತುಂತುಣಿ ನುಡಿಸುವವಳು. ನಾನು ಬರುವ ವಿಷಯ ಫೋನಿನಲ್ಲಿ ತಿಳಿಸಿದ್ದೆ. "ಬಾರವಾ, ನೀರ ಕುಡಿ" ಅಂದರು. ಚೀಲ ಇಳಿಸಿದ ಕೂಡಲೆ ಇಬ್ಬರೂ ಅದನ್ನೇ ನೋಡಿದರು.

ಒಳಗೆ ಒಂದು ಕೋಣೆ ತುಂಬ ಹತ್ತಿ ಪೇರಿಸಿದ್ದರು. ನಡುವೆ ಮೂವರು ಕೂರುವಷ್ಟು ಜಾಗ. ಅಲ್ಲಿ ಕಾಲಿಟ್ಟರೆ ಹೊರಗಿನ ಗಿರಣಿಯ ಸದ್ದು ಕೂಡ ಇಲ್ಲ. ಊರೂರು ಹುಡುಕಿದರೂ ಇಂಥ ಸ್ಟುಡಿಯೋ ಸಿಗದು ಎಂದು ಖುಷಿಯಿಂದ ಮೈಕ್ ಜೋಡಿಸಿದೆ. ಸವಾಲನ್ನು ಹೆಡ್‌ಫೋನಿನಲ್ಲಿ ಶಾಂತವ್ವನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದಳು.

"ಧ್ವನಿ ಇನ್ನೂ ಹಂಗs ಐತಿ ಮಾಬೂಂದು," ಅಂದಳು. ಹೆಡ್‌ಫೋನ್ ತೆಗೆದು ನನ್ನ ಮಡಿಲಿಗಿಟ್ಟಳು. "ಆದ್ರ ನಾ ಹಾಡೂದಿಲ್ಲ. ಕೇಳಿದಾವ ಎದುರಿಗಿಲ್ಲ. ಎದುರಿಗಿಲ್ಲದಾವಗ ಕೊಟ್ರ ಅದು ಜವಾಬಲ್ಲವಾ, ಕಳವಿನ ಮಾಲು. ನಿನ್ನ ಅವನs ಕಳಿಸ್ಯಾನ, ಹೌದಲ್ಲ?"

"ನನ್ನ ಯಾರೂ ಕಳಿಸಿಲ್ರಿ. ನಾ ನನ್ನ ರೆಕಾರ್ಡಿಗೆ ಬಂದೇನಿ." ಹೇಳುತ್ತಿರುವಾಗಲೇ ನನ್ನ ಕಣ್ಣಲ್ಲಿ ನೀರು ಬಂತು. ಇದು ನಾಟಕವಲ್ಲ. ಒಂದು ವರ್ಷದ ಕನಸು ಹತ್ತಿಯ ಕೋಣೆಯಲ್ಲಿ ಉಸಿರು ಕಟ್ಟಿ ಸಾಯುತ್ತಿತ್ತು.

ಶಾಂತವ್ವ ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದಳು. "ಇಷ್ಟ ದೂರ ಬಂದೀದಿ, ಬರಿಗೈಲೆ ಕಳಸಬಾರದು. ಮಿಷನ್ ಬಂದ್ ಮಾಡು. ಬರೇ ಕಿವಿಲೆ ಕೇಳಿ ಹೋಗು."

ಅವರ ಎದುರಿಗೇ ಮೈಕಿನ ವೈರು ಕಿತ್ತೆ. ಸುತ್ತಿಟ್ಟೆ. ರೆಕಾರ್ಡರನ್ನು ಚೀಲಕ್ಕೆ ಹಾಕಿದೆ. ಆದರೆ ಅದಕ್ಕೆ ತನ್ನದೇ ಎರಡು ಸಣ್ಣ ಮೈಕುಗಳಿವೆ. ಚೀಲದೊಳಗೆ ಬೆರಳಾಡಿಸಿ ಗುಂಡಿ ಒತ್ತಿದೆ, ಚೀಲದ ಬಾಯಿ ತೆರೆದೇ ಬಿಟ್ಟೆ.

ಅವಳು ಹಾಡಿದಳು. ಕಾಶವ್ವನ ತುಂತುಣಿ ಹಿಂದೆ ಬಂತು. ಜವಾಬು ಏನೆಂದು ನನಗೆ ಈಗ ಗೊತ್ತು, ಇಲ್ಲಿ ಬರೆಯುವುದಿಲ್ಲ. ಇಷ್ಟು ಹೇಳಬಲ್ಲೆ: ಕೇಳಿದ ಮೇಲೆ ನನ್ನ ಕಾಲ ಕೆಳಗಿನ ನೆಲ ಮುಟ್ಟಿ ನೋಡಿಕೊಂಡೆ.

ಚೀಲ ಅಲ್ಲೇ ಬಿಟ್ಟು ಕೈಕಾಲು ತೊಳೆದು ಬರಲು ಹಿತ್ತಲಿಗೆ ಹೋಗಿ, ಮರಳಿ ಬಂದು, ಇಬ್ಬರಿಗೂ ನಮಸ್ಕರಿಸಿ ರಾಮದುರ್ಗದ ಬಸ್ಸು ಹಿಡಿದೆ. ಸಾಲಹಳ್ಳಿ ದಾಟುವವರೆಗೆ ಚೀಲದ ಬಾಯಿ ಬಿಗಿಹಿಡಿದೇ ಕುಳಿತಿದ್ದೆ. ರಾಮದುರ್ಗದಲ್ಲಿ ಸ್ಟ್ಯಾಂಡಿನ ಹತ್ತಿರವೇ ಕೋಣೆ ಹಿಡಿದು, ಒಂದು ಪ್ಲೇಟ್ ಗಿರಮಿಟ್ಟು ಮುಂದಿಟ್ಟುಕೊಂಡು, ಹೊತ್ತು ಮುಳುಗುವ ಮೊದಲೇ ಕೇಳಲು ಕುಳಿತೆ. ಅಷ್ಟರಲ್ಲಿ ಮಾಬುಸಾಬರು ಮೂರು ಸಲ ಫೋನ್ ಮಾಡಿದ್ದರು. ಎತ್ತಲಿಲ್ಲ.

ಹತ್ತಿಯ ನಡುವೆ ಧ್ವನಿ ಬೆಣ್ಣೆಯಂತೆ ಬಂದಿತ್ತು. ಹಾಡು ಮುಗಿಯಿತು. ನಾನು ಎದ್ದು ಹೊರಹೋದ ಹೆಜ್ಜೆ ಸಪ್ಪಳ. ಆಮೇಲೆ ಕಾಶವ್ವನ ಪಿಸುಮಾತು:

"ಆಕಿ ಚೀಲದಾಗ ಕೆಂಪ ದೀಪ ಹತ್ತೇತಿ ಬೇ."

"ಕಂಡೇನಿ," ಶಾಂತವ್ವನ ಧ್ವನಿ. "ಹಾಡೂಕಿಂತ ಮೊದಲs ಕಂಡೇನಿ."

"ಮತ್ಯಾಕ ಹಾಡಿದಿ?"

"ಹುಡಿಗಿ ಕಿವಿ ಚೊಲೊ ಅದಾವು. ಮನಸು ಎಂಥಾದೈತಿ ನೋಡೂನಂತ."

ಗಿರಮಿಟ್ಟು ಹಾಗೇ ಉಳಿಯಿತು. ನನ್ನ ಹಾಡು ಕದ್ದವನಿಗೆ ಒಂದು ವರ್ಷ ಶಾಪ ಹಾಕಿದ್ದೆ. ಬಸ್ಸಿನ ಕಂಡಕ್ಟರನನ್ನು, ಲಾಜಿನ ಚಿಲಕವನ್ನು, ಮಾಬುಸಾಬರನ್ನು, ದೇಮಪ್ಪನನ್ನು, ಎಲ್ಲರನ್ನೂ ಅನುಮಾನಿಸಿದ್ದೆ. ಇಡೀ ದಾರಿಯಲ್ಲಿ ಕಳವು ಮಾಡಿದವಳು ನಾನೊಬ್ಬಳೇ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಆಸೆಯಾಯಿತು, ಅದನ್ನೂ ಹೇಳಿಬಿಡುತ್ತೇನೆ. ರೆಕಾರ್ಡು ಪೂರ್ತಿಯಾಗಿತ್ತು. ಮನೆಗೆ ಹೋಗಿ ಎರಡೂ ಜೋಡಿಸುವುದಷ್ಟೇ ಬಾಕಿ. ಶಾಂತವ್ವ ಯಾವ ಕೋರ್ಟಿಗೆ ಹೋದಾಳು?

ಬೆಳಿಗ್ಗೆ ಎದ್ದು ಬೈಲಹೊಂಗಲದ ಬಸ್ಸಿನ ಬಾಗಿಲವರೆಗೂ ಹೋದೆ. ಕಾಲು ಮೇಲೇರಲಿಲ್ಲ. ಕಟಕೋಳದ ಬಸ್ಸು ಹತ್ತಿದೆ.

ಶಾಂತವ್ವ ಆಶ್ಚರ್ಯಪಡಲಿಲ್ಲ, ಬೈಯಲೂ ಇಲ್ಲ. "ತಪ್ಪಾತ್ರಿ" ಎಂದು ಹೇಳಿ, ಅವಳ ಕಣ್ಣೆದುರಿಗೇ ಅಳಿಸಿದೆ. ಅಳಿಸಲೇ ಎಂದು ಯಂತ್ರ ಇನ್ನೊಮ್ಮೆ ಕೇಳಿತು, ಹೂಂ ಎಂದು ಒತ್ತಿದೆ.

ಅವಳು ಮೆಣಸಿನಕಾಯಿಯಿಂದ ತಲೆ ಎತ್ತಲಿಲ್ಲ. "ಅಳಿಸಿದ್ದು ಖರೇನೋ ಸುಳ್ಳೋ, ನಂಗೇನ ಗೊತ್ತಾಗಬೇಕವಾ? ಮಿಷನ್ ನಿಂದು. ಮತ್ತೊಂದ್ರಾಗ ತಗದ ಇಟ್ಟಿರ್ತೀದಿ."

ಸಿಟ್ಟು ನೆತ್ತಿಗೇರಿತು. ಇದ್ದ ಒಂದೇ ಒಂದನ್ನು ಕಳೆದುಕೊಂಡರೂ ನಂಬುವವರಿಲ್ಲ! ಆದರೆ ಏನು ಹೇಳಲಿ? ಇಡೀ ಲೋಕಕ್ಕೆ ನಾನು ಹೇಳುತ್ತಿದ್ದ ಮಾತನ್ನೇ ಅವಳು ನನಗೆ ಹೇಳಿದ್ದಳು. ಬೇರೆ ದಾರಿ ಕಾಣದೆ ಅವಳ ಎದುರಿಗೇ ಮಾಬುಸಾಬರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

"ಸಿಕ್ತೇನ್ರಿ ತಂಗಿ?" ಮೊದಲ ಮಾತೇ ಅದು.

"ಹಾಡಿದ್ರು. ನಾ ಕದ್ದು ತಗೊಂಡಿದ್ದೆ. ಈಗ ಅಳಿಸೇನಿ. ಜವಾಬ್ ನನ್ನ ಹತ್ರ ಇಲ್ರಿ ಕಾಕಾ. ಬೇಕಂದ್ರ ನೀವs ಬಂದು ಎದುರಿಗೆ ಕುಂಡ್ರಬೇಕು."

ಕಟ್ ಆಯಿತೇನೋ ಎಂದು ನೋಡಿದೆ, ಸೆಕೆಂಡುಗಳು ಓಡುತ್ತಿದ್ದವು.

"ಶಾಂತಕ್ಕ ಅಲ್ಲೇ ಅದಾಳೇನು?" ದೊಡ್ಡ ಧ್ವನಿ ಈಗ ಸಣ್ಣದಾಗಿತ್ತು. "ಅಕ್ಕಾ, ನಂಗ ಗೊತ್ತಿಲ್ಲ. ಉಸ್ತಾದ ಹೇಳದs ಹ್ವಾದ. ಗೊತ್ತೈತಿ ಅಂತ ಇಷ್ಟ ವರ್ಷ ಮೆರದೆ. ಸಾಯೂದ್ರಾಗ ಒಮ್ಮೆ ಕೇಳಬೇಕಂತ ಆಸೆ ಐತಿ, ಅಷ್ಟ."

ಕಾಶವ್ವ ಸೆರಗು ಬಾಯಿಗೆ ಹಿಡಿದಳು. ಶಾಂತವ್ವ ಮೆಣಸಿನಕಾಯಿಯ ಕೈಯನ್ನು ದೂರ ಹಿಡಿದು, ಫೋನಿನ ಹತ್ತಿರ ಬಾಗಿದಳು. "ಇದನ್ನ ಅವತ್ತs ಅಂದಿದ್ರ ಅವತ್ತs ಹಾಡತಿದ್ದೆನಲ್ಲೋ ಮಾಬು."

ಮಾಬುಸಾಬರು ಕೇಳಿದರು, "ಅಲ್ಲಿಗೆ ಬರಾಕ ಬಸ್ ಎಷ್ಟಕ್ಕೈತಿ?"

"ಯಾವದಾರ ಹತ್ತಿ ಬಾ. ನಾ ಎಲ್ಲೂ ಹೋಗೂದಿಲ್ಲ," ಅಂದಳು ಶಾಂತವ್ವ.

ನಾನು ಎದ್ದು ಒಳಕೋಣೆಗೆ ಹೋಗಿ, ಇನ್ನೊಬ್ಬರು ಕೂರುವಷ್ಟು ಹತ್ತಿ ಸರಿಸತೊಡಗಿದೆ.